ದೊಡ್ಡಮ್ಮನ ಫೋನ್ ಯಾವಾಗಲೂ ಸ್ಪೀಕರ್‌ನಲ್ಲೇ ಇರುತ್ತದೆ, ಅನುಮಾನ ಪಡಬೇಕಾ?

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ 74 ವರ್ಷ, ಮಗನ ಮನೆಯಲ್ಲಿದ್ದಾರೆ. ಮೊದಲು ಗಂಟೆಗಟ್ಟಲೆ ಮಾತಾಡುತ್ತಿದ್ದವರು ಈಗ ‘ಚೆನ್ನಾಗಿದ್ದೀನಿ’ ಅಂದು ಫೋನ್ ಇಟ್ಟುಬಿಡುತ್ತಾರೆ. ಫೋನ್ ಯಾವಾಗಲೂ ಸ್ಪೀಕರ್‌ನಲ್ಲೇ ಇರುತ್ತದೆ. ಹೋದ ತಿಂಗಳು ನೋಡಲು ಹೋದಾಗ ಎರಡೂ ತೋಳಿನ ಒಳಭಾಗ ಕಂದಿತ್ತು. ಬಾಗಿಲು ತಗುಲಿತು ಅಂದರು. ಅಣ್ಣನನ್ನೇ ನೇರವಾಗಿ ಕೇಳಿಬಿಡಲಾ?

ಉತ್ತರ: ಬೇಡ, ಈಗಲೇ ಬೇಡ. ನೀವು ಜಗಳ ಆಡಿ ನಿಮ್ಮ ಮನೆಗೆ ಹೋಗುತ್ತೀರಿ, ರಾತ್ರಿ ಅದೇ ಮನೆಯಲ್ಲಿ ಮಲಗುವವರು ದೊಡ್ಡಮ್ಮ. ಸಿಟ್ಟು ತೀರುವುದು ಅವರ ಮೇಲೆ. ಮಾರನೇ ದಿನದಿಂದ ನಿಮಗೆ ಆ ಮನೆಯ ಬಾಗಿಲೂ ಮುಚ್ಚಬಹುದು.

ಹಾಗಂತ ನಿಮ್ಮ ಅನುಮಾನ ಸುಮ್ನೆ ಅಲ್ಲ. ಬಾಗಿಲು ತಗುಲಿದರೆ ಸಾಮಾನ್ಯವಾಗಿ ಮೊಣಕೈ, ಹಣೆ, ಮೊಣಕಾಲಿಗೆ ಪೆಟ್ಟಾಗುತ್ತದೆ. ಎರಡೂ ತೋಳಿನ ಒಳಗೆ ಒಂದೇ ತರಹ ಕಂದಿದ್ದರೆ ಯಾರೋ ಗಟ್ಟಿಯಾಗಿ ಹಿಡಿದಿರಬಹುದು. ‘ಬಹುದು’ ಅಷ್ಟೇ. ವಯಸ್ಸಾದವರ ಚರ್ಮ ತೆಳ್ಳಗಿರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಸ್ವಲ್ಪ ತಾಗಿದರೂ ಕಪ್ಪಾಗುತ್ತದೆ. ಕಲೆಯ ಬಣ್ಣ ನೋಡಿ ಎಷ್ಟು ದಿನದ್ದು ಅಂತ ಲೆಕ್ಕ ಹಾಕಬೇಡಿ, ಅದು ಡಾಕ್ಟರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಮೊದಲ ಕೆಲಸ, ಅವರು ಒಬ್ಬರೇ ಸಿಗುವ ಹಾಗೆ ಮಾಡಿಕೊಳ್ಳುವುದು. ‘ಕಣ್ಣು ತೋರಿಸಿಕೊಂಡು ಬರೋಣ ಬನ್ನಿ ದೊಡ್ಡಮ್ಮ’ ಅಂತ ಕರೆದುಕೊಂಡು ಹೋಗಿ. ‘ಅವನು ಹೊಡೀತಾನಾ?’ ಅಂತ ಮಾತ್ರ ಶುರು ಮಾಡಬೇಡಿ. ಹೆತ್ತ ಮಗನನ್ನು ಬಿಟ್ಟುಕೊಡಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ, ‘ಛೆ, ಏನಿಲ್ಲಪ್ಪ’ ಅಂದು ಮಾತು ಮುಗಿಸಿಬಿಡುತ್ತಾರೆ. ‘ಮನೆಯಲ್ಲಿ ಯಾವಾಗಲಾದರೂ ಹೆದರಿಕೆ ಆಗುತ್ತಾ?’ ಅಂತ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಉತ್ತರ ಬರಲು ಎರಡು ಮೂರು ಭೇಟಿಯೇ ಹಿಡಿಯಬಹುದು. ಯಾರಿಗೂ ಹೇಳಲ್ಲ ಅಂತ ಆಣೆ ಮಾತ್ರ ಹಾಕಬೇಡಿ, ನಾಳೆ ಹೇಳಲೇಬೇಕಾಗಿ ಬರಬಹುದು.

ಕಣ್ಣಿಗೆ ಬೀಳುವ ಸಣ್ಣಪುಟ್ಟದ್ದನ್ನೂ ಗಮನಿಸಿ. ಬಿಪಿ ಮಾತ್ರೆಯ ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ? ಒಡೆದ ಕನ್ನಡಕ ಎಷ್ಟು ದಿನದಿಂದ ಹಾಗೇ ಇದೆ? ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ, ಓದದೇ ಸಹಿ ಹಾಕಿಸಿಕೊಂಡಿದ್ದಾರಾ? ಹೊಡೆಯುವುದಷ್ಟೇ ಹಿಂಸೆ ಅಲ್ಲ. ಔಷಧಿ ಕೊಡದಿರುವುದು, ದುಡ್ಡು ಕಿತ್ತುಕೊಳ್ಳುವುದು, ದಿನಾ ಬೈದು ಕುಗ್ಗಿಸುವುದು ಎಲ್ಲವೂ ಹಿಂಸೆಯೇ. 60 ದಾಟಿದವರಲ್ಲಿ ಸುಮಾರು 6 ಜನರಲ್ಲಿ ಒಬ್ಬರು ಒಂದು ವರ್ಷದಲ್ಲಿ ಇಂಥ ಯಾವುದಾದರೂ ಒಂದನ್ನು ಅನುಭವಿಸಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನೋಡಿದ್ದನ್ನು ತಾರೀಖು ಹಾಕಿ, ಅವರು ಹೇಳಿದ ಮಾತನ್ನು ಅವರು ಹೇಳಿದಂತೆಯೇ ನಿಮ್ಮ ಹತ್ತಿರ ಬರೆದಿಡಿ. ಫೋಟೋ ತೆಗೆಯುವುದಾದರೆ ಅವರನ್ನು ಕೇಳಿಯೇ ತೆಗೆಯಿರಿ, ಅವರ ಫೋನಲ್ಲಿ ಬೇಡ. ಡಾಕ್ಟರ ಹತ್ತಿರ ಹೋದಾಗ ‘ದೊಡ್ಡಮ್ಮನ ಜೊತೆ ನೀವೊಬ್ಬರೇ ಮಾತಾಡಿ, ಗಾಯಗಳನ್ನು ದಾಖಲೆ ಮಾಡಿಡಿ’ ಅಂತ ಡಾಕ್ಟರನ್ನು ಕೇಳಿಕೊಳ್ಳಿ.

ಅಣ್ಣ ನೋಡಿಕೊಂಡು ನೋಡಿಕೊಂಡು ಸುಸ್ತಾಗಿರಲೂಬಹುದು. ದೊಡ್ಡಮ್ಮ ವಾರಕ್ಕೆರಡು ದಿನ ನಿಮ್ಮ ಮನೆಯಲ್ಲಿದ್ದರೆ ಇಬ್ಬರಿಗೂ ಉಸಿರು ಬಿಡಲು ಜಾಗ ಸಿಗುತ್ತದೆ. ಆದರೆ ಸುಸ್ತು ಅನ್ನುವುದು ಕೈ ಎತ್ತಲು ರಹದಾರಿ ಅಲ್ಲ.

ಕುತ್ತಿಗೆ ಹಿಸುಕಿದ್ದಾರೆ, ಕೂಡಿಹಾಕಿದ್ದಾರೆ, ಕೊಲ್ಲುತ್ತೇನೆ ಅಂದಿದ್ದಾರೆ ಅಂತ ಗೊತ್ತಾದರೆ ಮಾತ್ರ ಕಾಯಬೇಡಿ, ತಕ್ಷಣ ಪೊಲೀಸರಿಗೆ ತಿಳಿಸಿ. ಕುತ್ತಿಗೆ ಹಿಸುಕಿದ್ದಾಗ ಹೊರಗೆ ಕಲೆ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂಥದ್ದೇನೂ ಇಲ್ಲ, ಬುದ್ಧಿ ಸ್ವಾಧೀನದಲ್ಲಿದೆ ಅಂದರೆ ಮುಂದೇನು ಅನ್ನುವುದನ್ನು ಅವರೇ ತೀರ್ಮಾನಿಸಲಿ, ನಿಮಗೆ ಇಷ್ಟವಾಗದಿದ್ದರೂ. ಮರೆವಿನ ಕಾಯಿಲೆ ಜಾಸ್ತಿಯಾಗಿ ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಹಿರಿಯರ ರಕ್ಷಣೆ ನೋಡುವ ಇಲಾಖೆಗೆ ನೀವೇ ತಿಳಿಸಬೇಕಾಗುತ್ತದೆ. ‘ಅರಳು ಮರಳು, ಏನೋ ಹೇಳ್ತಾರೆ’ ಅಂತ ಅವರ ಮಾತನ್ನು ತಳ್ಳಿಹಾಕಬೇಡಿ.

ಇನ್ನು ಆ ಸ್ಪೀಕರ್ ವಿಷಯ. ಒಬ್ಬರೇ ಸಿಕ್ಕಾಗ, ತೊಂದರೆ ಆದ ದಿನ ಅವರು ನಿಮಗೆ ಫೋನಲ್ಲಿ ಹೇಳಲು ಒಂದು ಮಾಮೂಲಿ ಮಾತನ್ನು ಗುರುತಾಗಿ ಇಟ್ಟುಕೊಳ್ಳಿ, ‘ನಿನ್ನ ಮಂಡಿನೋವು ಹೇಗಿದೆ?’ ಅನ್ನುವಂಥದ್ದು, ಪಕ್ಕದಲ್ಲಿ ಕೂತವರಿಗೆ ಏನೂ ಅನಿಸದಂಥದ್ದು. ಅದನ್ನು ಕೇಳಿಸಿಕೊಂಡ ದಿನ ಫೋನಲ್ಲಿ ಏನನ್ನೂ ಕೆದಕದೆ, ನೋವು ಕಡಿಮೆ ಆಗಿದೆ ದೊಡ್ಡಮ್ಮ ಅಂದು ಫೋನಿಟ್ಟು ಹೊರಡಿ.