ಎಪಿ ಪೋಲ್ ನೋಡಿ ಪ್ಲೇಆಫ್ ಪಟ್ಟಿ ಬರೆಯಬೇಡಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ಲೇಆಫ್‌ಗೆ (ಸೀಸನ್ ಕೊನೆಯ ರಾಷ್ಟ್ರೀಯ ನಾಕೌಟ್ ಟೂರ್ನಿಗೆ) ಹೋಗೋರು ಯಾರು ಅಂತ ಸೀಸನ್ ಶುರುವಿಗೆ ಮುಂಚೆಯೇ 12 ತಂಡಗಳ ಪಟ್ಟಿ ಹಾಕಿದ್ದೀರಲ್ಲ, ಅದು ಎಪಿ ಪೋಲ್‌ನ ಮೊದಲ 12 ಹೆಸರುಗಳ ನಕಲು. ನಾನೂ ಒಮ್ಮೆ ಮಾಡಿದ ತಪ್ಪೇ ಇದು, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ. ಎಪಿ ಪೋಲ್ ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಡೆಸುವ ಪತ್ರಕರ್ತರ ಮತ. ಪ್ಲೇಆಫ್‌ಗೆ ಜಾಗ ಕೊಡೋದು 13 ಜನರ ಆಯ್ಕೆ ಸಮಿತಿ, ಮತ್ತು ಅವರ ಮೊದಲ ಪಟ್ಟಿ ಹೊರಬೀಳೋದೇ ನವೆಂಬರ್ ಮೊದಲ ವಾರ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ನಿಮ್ಮ ಪಟ್ಟಿಯಲ್ಲಿ ನಾಲ್ಕು ದೊಡ್ಡ ಕಾನ್ಫರೆನ್ಸ್‌ಗಳ (ತಂಡಗಳು ಸೇರಿಕೊಂಡಿರುವ ಲೀಗ್‌ಗಳು: ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ) ಹೊರಗಿನ ಚಾಂಪಿಯನ್ ಒಂದೂ ಇಲ್ಲ. ಕನಿಷ್ಠ ಒಂದು ಇರಲೇಬೇಕು, ಅದು ನಿಯಮ. ಅಂದರೆ ಆಟ ಶುರುವಾಗೋ ಮೊದಲೇ ಒಂದು ಜಾಗ ಕಳೆದುಕೊಂಡಿದ್ದೀರಿ.

ಯಾರು ಬಲಶಾಲಿ ಅನ್ನೋದರಿಂದ ಶುರು ಮಾಡಬೇಡಿ. ಕಾನ್ಫರೆನ್ಸ್‌ನ ಒಳಗಿನ ವೇಳಾಪಟ್ಟಿಯಿಂದ ಶುರು ಮಾಡಿ. ಬಿಗ್ ಟೆನ್‌ನಲ್ಲಿ ಈಗ 18 ತಂಡ, ಒಬ್ಬೊಬ್ಬರಿಗೆ 9 ಕಾನ್ಫರೆನ್ಸ್ ಪಂದ್ಯ. ಪ್ರತಿ ತಂಡವೂ 8 ಎದುರಾಳಿಗಳನ್ನು ನೋಡೋದೇ ಇಲ್ಲ. ಎಸ್‌ಇಸಿಯಲ್ಲಿ 16 ತಂಡ, 2025ರವರೆಗೆ 8 ಪಂದ್ಯ ಇತ್ತು, 2026ರಿಂದ 9. ಕಾನ್ಫರೆನ್ಸ್ ಒಳಗಿನ ಉಪಗುಂಪುಗಳು (ಡಿವಿಷನ್‌ಗಳು) ಹೋದ ಮೇಲೆ ಪಾಯಿಂಟ್ ಟೇಬಲ್‌ನ ಮೊದಲ ಇಬ್ಬರೇ ಕಾನ್ಫರೆನ್ಸ್ ಫೈನಲ್‌ಗೆ. ಹಾಗಾಗಿ ಯಾರು ಯಾರಿಗೆ ಎದುರಾಗಲ್ಲ ಅನ್ನೋದೇ ಅರ್ಧ ಉತ್ತರ.

ಒಂದು ಕಾಗದ ತಗೊಳ್ಳಿ. ಕಾನ್ಫರೆನ್ಸ್‌ನಲ್ಲಿ ನಿಮ್ಮ ಅಂದಾಜಿನ ಮೊದಲ ಆರು ತಂಡಗಳನ್ನು ಅಡ್ಡಕ್ಕೂ ಉದ್ದಕ್ಕೂ ಬರೆಯಿರಿ. ಎದುರಾಗುವ ಮನೆಗಳಲ್ಲಿ ತವರಿನ ಪಂದ್ಯವೋ ಹೊರಗಿನದೋ ಗುರುತು ಹಾಕಿ, ಎದುರಾಗದ ಮನೆಗಳನ್ನು ಖಾಲಿ ಬಿಡಿ. ಯಾವ ಸಾಲಿನಲ್ಲಿ ಖಾಲಿ ಮನೆ ಹೆಚ್ಚೋ ಆ ತಂಡ ಟೇಬಲ್‌ನಲ್ಲಿ ತನ್ನ ಯೋಗ್ಯತೆಗಿಂತ ಒಂದೆರಡು ಮೆಟ್ಟಿಲು ಮೇಲೆ ಕೂರುತ್ತೆ. 2024ರ ಬಿಗ್ ಟೆನ್ ನೋಡಿ. ಪೆನ್ ಸ್ಟೇಟ್, ಇಂಡಿಯಾನಾ ಎರಡೂ ಕಾನ್ಫರೆನ್ಸ್‌ನಲ್ಲಿ 8-1 (8 ಗೆಲುವು, 1 ಸೋಲು). ಇಬ್ಬರೂ ಸೋತದ್ದು ಓಹಾಯೋ ಸ್ಟೇಟ್ ಒಂದಕ್ಕೇ, ತಮ್ಮಲ್ಲಿ ಆಡಲೇ ಇಲ್ಲ. ಇಬ್ಬರನ್ನೂ ಸೋಲಿಸಿದ ಓಹಾಯೋ ಸ್ಟೇಟ್ ಮಾತ್ರ ಆರೆಗನ್‌ಗೆ 32-31, ಮಿಷಿಗನ್‌ಗೆ 13-10 ಸೋತು ಕಾನ್ಫರೆನ್ಸ್ ಫೈನಲ್‌ನಿಂದ ಹೊರಗೆ. ಟೈಬ್ರೇಕರ್‌ನಲ್ಲಿ (ಸಮಬಲ ಮುರಿಯುವ ನಿಯಮದಲ್ಲಿ) ಪೆನ್ ಸ್ಟೇಟ್ ಫೈನಲ್‌ಗೆ ಹೋಯಿತು. ಆಮೇಲೆ ರಾಷ್ಟ್ರೀಯ ಚಾಂಪಿಯನ್ ಆದದ್ದು ಯಾರು? ಪ್ಲೇಆಫ್‌ನ 8ನೇ ಸೀಡ್ (ಶ್ರೇಯಾಂಕ) ಓಹಾಯೋ ಸ್ಟೇಟ್. ‘ಕಾನ್ಫರೆನ್ಸ್ ಗೆಲ್ಲೋರು ಯಾರು’ ಮತ್ತು ‘ಪ್ಲೇಆಫ್ ಗೆಲ್ಲೋರು ಯಾರು’ ಎರಡನ್ನೂ ಒಂದೇ ಅಂಕಣದಲ್ಲಿ ಬರೆಯಬೇಡಿ ಅಂತ ಪದೇ ಪದೇ ಹೇಳೋದು ಇದಕ್ಕೇ.

ಟೈಬ್ರೇಕರ್ ಓದದೆ ಎಸಿಸಿ ಬಗ್ಗೆ ಮಾತಾಡಲೇಬೇಡಿ. 2025ರಲ್ಲಿ ಅಲ್ಲಿ ಆದದ್ದನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಅರ್ಧ ವಿದ್ಯೆ ಬಂದ ಹಾಗೆ. ವರ್ಜೀನಿಯಾ 7-1ರಲ್ಲಿ ಮೊದಲು. ಎರಡನೇ ಜಾಗಕ್ಕೆ 6-2ರಲ್ಲಿ ಐದು ತಂಡ: ಡ್ಯೂಕ್, ಮಯಾಮಿ, ಜಾರ್ಜಿಯಾ ಟೆಕ್, ಪಿಟ್, ಎಸ್‌ಎಂಯು. ಕೊನೆಗೆ ಎದುರಾಳಿಗಳ ಕಾನ್ಫರೆನ್ಸ್ ಗೆಲುವಿನ ಸರಾಸರಿ ಲೆಕ್ಕಕ್ಕೆ ಬಂದು ಡ್ಯೂಕ್ ಫೈನಲ್‌ಗೆ ಹೋಯಿತು, ಒಟ್ಟು ದಾಖಲೆ 7-5 ಇದ್ದರೂ. 10-2 ಇದ್ದ ಮಯಾಮಿ ಮನೆಯಲ್ಲೇ ಉಳಿಯಿತು. ಡ್ಯೂಕ್ ಅಲ್ಲಿ ಹೆಚ್ಚುವರಿ ಆಟದಲ್ಲಿ ವರ್ಜೀನಿಯಾವನ್ನು 27-20ರಿಂದ ಸೋಲಿಸಿ ಚಾಂಪಿಯನ್ ಆಯಿತು. ಆದರೆ ಆಗಿನ ನಿಯಮ ‘ರ‍್ಯಾಂಕಿಂಗ್‌ನಲ್ಲಿ ಮುಂದಿರುವ ಐದು ಕಾನ್ಫರೆನ್ಸ್ ಚಾಂಪಿಯನ್‌ಗಳು’ ಅಂತ ಇತ್ತೇ ಹೊರತು ‘ಎಸಿಸಿ ಚಾಂಪಿಯನ್’ ಅಂತ ಇರಲಿಲ್ಲ. ಅಮೆರಿಕನ್ ಕಾನ್ಫರೆನ್ಸ್‌ನ ಟುಲೇನ್, ಸನ್ ಬೆಲ್ಟ್‌ನ ಜೇಮ್ಸ್ ಮ್ಯಾಡಿಸನ್ ಎರಡೂ ಡ್ಯೂಕ್‌ಗಿಂತ ಮೇಲಿದ್ದವು. ಅದೇ ಟುಲೇನ್ ಸೆಪ್ಟೆಂಬರ್‌ನಲ್ಲಿ ಡ್ಯೂಕನ್ನು 34-27ರಿಂದ ಸೋಲಿಸಿತ್ತು, ಯಾರೂ ಗಮನಿಸದ ಪಂದ್ಯ ಅದು. ಎಸಿಸಿ ಚಾಂಪಿಯನ್ ಹೊರಗೆ, ಫೈನಲ್ ಕೂಡ ಆಡದ ಮಯಾಮಿ 10ನೇ ಸೀಡ್ ಆಗಿ ಒಳಗೆ. ಆ ಮಯಾಮಿಯೇ ಟೆಕ್ಸಸ್ ಎ ಆ್ಯಂಡ್ ಎಂ, ಓಹಾಯೋ ಸ್ಟೇಟ್, ಓಲೆ ಮಿಸ್ ಮೂವರನ್ನೂ ಹೊಡೆದು ರಾಷ್ಟ್ರೀಯ ಫೈನಲ್‌ವರೆಗೆ ಹೋಗಿ ಇಂಡಿಯಾನಾಗೆ 27-21 ಸೋತದ್ದು.

ಈಗ ಎಚ್ಚರ: 2026ರಿಂದ ನಿಯಮ ಬೇರೆ. ಎಸ್‌ಇಸಿ, ಬಿಗ್ ಟೆನ್, ಬಿಗ್ 12, ಎಸಿಸಿ ನಾಲ್ಕರ ಚಾಂಪಿಯನ್‌ಗಳಿಗೂ ರ‍್ಯಾಂಕ್ ಏನೇ ಇರಲಿ ಜಾಗ ಖಚಿತ. ಉಳಿದ ಕಾನ್ಫರೆನ್ಸ್‌ಗಳಿಂದ ಒಂದೇ ಒಂದು ಚಾಂಪಿಯನ್‌ಗೆ ಮಾತ್ರ ಖಚಿತ. ಯಾವ ಕಾನ್ಫರೆನ್ಸ್‌ಗೂ ಸೇರದ ನೋಟರ್ ಡೇಮ್ ಮೊದಲ 12ರೊಳಗೆ ಇದ್ದರೆ ಅದಕ್ಕೂ ಖಚಿತ. ಇದೇ ನಿಯಮವನ್ನು 2025ರ ಅಂತಿಮ ಪಟ್ಟಿಗೆ ಹಚ್ಚಿ ನೋಡಿ: ಡ್ಯೂಕ್ ಒಳಗೆ, ಜೇಮ್ಸ್ ಮ್ಯಾಡಿಸನ್ ಹೊರಗೆ, 11ನೇ ರ‍್ಯಾಂಕ್‌ನ ನೋಟರ್ ಡೇಮ್ ಒಳಗೆ, ಮಯಾಮಿ ಹೊರಗೆ. ಹಳೇ ಲೆಕ್ಕ ಇಟ್ಟುಕೊಂಡು ಈ ಸಲದ ಪಟ್ಟಿ ಬರೆದರೆ ಕಡೇ ಜಾಗಗಳು ತಪ್ಪಬಹುದು.

ಹೆಡ್-ಟು-ಹೆಡ್ ಬಗ್ಗೆಯೂ ಇಲ್ಲಿ ಕೆಲವರು ತಪ್ಪು ಬರೀತಾರೆ. ನೇರ ಗೆಲುವು ಯಾವಾಗಲೂ ನಡೆಯುತ್ತೆ ಅಂತಲ್ಲ, ಎರಡು ತಂಡ ಅಕ್ಕಪಕ್ಕ ಬಂದಾಗಲೇ ಅದಕ್ಕೆ ತೂಕ. 2025ರ ಆಗಸ್ಟ್ 31ರಂದು ಮಯಾಮಿ ನೋಟರ್ ಡೇಮನ್ನು 27-24ರಿಂದ ಸೋಲಿಸಿತ್ತು. ಆದರೂ ಕೊನೆಯ ಪಟ್ಟಿಯ ಹಿಂದಿನ ವಾರ ನೋಟರ್ ಡೇಮ್ 10, ಬಿವೈಯು (ಬ್ರಿಗಂ ಯಂಗ್) 11, ಮಯಾಮಿ 12. ಬಿಗ್ 12 ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಬಿವೈಯುವನ್ನು 34-7 ಹೊಡೆದ ಮೇಲೆ ನಡುವಿನ ಗೋಡೆ ಬಿತ್ತು. ಇಬ್ಬರೂ ಪಕ್ಕಪಕ್ಕಕ್ಕೆ ಬಂದರು, ಆಗಸ್ಟ್‌ನ ಆ ಮೂರು ಅಂಕ ಕೆಲಸ ಮಾಡಿತು. ಆ ವಾರಾಂತ್ಯ ಈ ಎರಡೂ ತಂಡ ಮೈದಾನಕ್ಕೇ ಇಳಿದಿರಲಿಲ್ಲ. ನವೆಂಬರ್ ಪಟ್ಟಿಗಳನ್ನು ಓದುವಾಗ ಇಬ್ಬರ ನಡುವೆ ನಿಂತಿರುವ ಮೂರನೆಯವರು ಯಾರು, ಅವರಿಗೆ ಯಾವ ಪಂದ್ಯ ಬಾಕಿ ಇದೆ ಅಂತ ಮೊದಲು ನೋಡಿ.

ಸೋಲಿನ ಲೆಕ್ಕ ಹೀಗಿಟ್ಟುಕೊಳ್ಳಿ: ಬಿಗ್ ಟೆನ್, ಎಸ್‌ಇಸಿಯಲ್ಲಿ ಎರಡು ಸೋಲಿಗೆ ಸಾಮಾನ್ಯವಾಗಿ ಜಾಗ ಇದೆ, ಆದರೆ ಖಾತರಿ ಇಲ್ಲ. ವ್ಯಾಂಡರ್‌ಬಿಲ್ಟ್ 2025ರಲ್ಲಿ 10-2 ಇದ್ದೂ ಹೊರಗೇ ಉಳಿಯಿತು. ಮೂರು ಸೋಲಾದರೆ ಕಾನ್ಫರೆನ್ಸ್ ಗೆಲ್ಲಬೇಕು, 2024ರಲ್ಲಿ ಕ್ಲೆಮ್ಸನ್ ಗೆದ್ದ ಹಾಗೆ. ಅದೇ ವರ್ಷ ಅಲಬಾಮಾ, ಓಲೆ ಮಿಸ್, ಸೌತ್ ಕ್ಯಾರೊಲಿನಾ ಮೂರೂ 9-3, ಮೂರೂ ಹೊರಗೆ. 2025ರಲ್ಲಿ ಅಲಬಾಮಾ 10-3 ಇದ್ದೂ ಒಳಬಂತಲ್ಲ ಅನ್ನಬಹುದು. ಅದರ ಮೂರನೇ ಸೋಲು ಎಸ್‌ಇಸಿ ಫೈನಲ್‌ನಲ್ಲಿ ಜಾರ್ಜಿಯಾ ಎದುರು ಆದದ್ದು, ಸಮಿತಿ ಅದನ್ನು ಅಷ್ಟಾಗಿ ಹಿಡಿಯಲಿಲ್ಲ. ಅದನ್ನು ನಿಯಮ ಅಂದುಕೊಳ್ಳಬೇಡಿ. ಎಸ್‌ಇಸಿ 9 ಪಂದ್ಯಕ್ಕೆ ಹೋಗಿರೋದರಿಂದ ಮೇಲಿನ ತಂಡಗಳಿಗೆ ಸೋಲು ಹೆಚ್ಚಾಗುತ್ತೆ, ಸಮಿತಿ ಅದಕ್ಕೆ ಎಷ್ಟು ರಿಯಾಯಿತಿ ಕೊಡುತ್ತೆ ಅನ್ನೋದನ್ನು ನವೆಂಬರ್‌ನಲ್ಲೇ ನೋಡಬೇಕು.

ಸೋಲದಿದ್ದರೆ ಸಾಕು ಅನ್ನೋರಿಗೆ 2023ರ ಫ್ಲಾರಿಡಾ ಸ್ಟೇಟ್ ನೆನಪಿರಲಿ. 13-0, ಎಸಿಸಿ ಚಾಂಪಿಯನ್, ಆದರೂ ನಾಲ್ಕು ತಂಡಗಳ ಆ ಪ್ಲೇಆಫ್‌ಗೆ ಇಲ್ಲ. ಕ್ವಾರ್ಟರ್‌ಬ್ಯಾಕ್ (ತಂಡದ ಆಕ್ರಮಣ ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲಿನ ಗಾಯದಿಂದ ಹೊರಬಿದ್ದದ್ದನ್ನು ಸಮಿತಿ ತೂಗಿ ನೋಡಿತು. ಅದು ಆ ಹುಡುಗರಿಗೆ ಆದ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಪಟ್ಟಿ ಬರೆಯುವವರು ಗಾಯಾಳುಗಳ ವರದಿಯನ್ನು ಪ್ರತಿ ವಾರ ನೋಡಲೇಬೇಕು.

ಇನ್ನು ವೈರಿಗಳ ವಾರ, ಅಂದರೆ ಹಳೇ ಎದುರಾಳಿಗಳು ಮುಖಾಮುಖಿಯಾಗುವ ಕೊನೇ ವಾರ. ‘ಮಿಷಿಗನ್-ಓಹಾಯೋ ಸ್ಟೇಟ್ ಅಂದ್ರೆ ದಾಖಲೆ ಲೆಕ್ಕಕ್ಕಿಲ್ಲ’ ಅಂತ ಬರೆದಿದ್ದೀರಿ. ಅದು ಮಾತಿಗೆ ಚೆಂದ. 2024ರಲ್ಲಿ ಸುಮಾರು 20 ಅಂಕದಿಂದ ಗೆಲ್ಲುತ್ತೆ ಅಂತ ಬೆಟ್ಟಿಂಗ್ ಲೆಕ್ಕ ಹೇಳಿದ್ದ ಓಹಾಯೋ ಸ್ಟೇಟ್ ಸೋತದ್ದು ನಿಜ. ಆದರೆ ಮುಂದಿನ ವರ್ಷ ಅದೇ ತಂಡ ಮಿಷಿಗನ್‌ನ ತವರು ಆ್ಯನ್ ಆರ್ಬರ್‌ನಲ್ಲಿ 27-9 ಗೆದ್ದಿತು. ವೈರದ ಪಂದ್ಯದಲ್ಲಿ ನೋಡಬೇಕಾದ್ದು ಭಾವನೆ ಅಲ್ಲ, ರನ್ ಆಟ (ಚೆಂಡು ಎಸೆಯದೆ ಹಿಡಿದು ಓಡುವ ಆಟ) ತಡೆಯುವ ಡಿಫೆನ್ಸ್ ಯಾರದು ಅನ್ನೋದು. ಎರಡೂ ಕಡೆ ರನ್ ಹೆಚ್ಚು ಆಡಿದರೆ ಗಡಿಯಾರ ಓಡುತ್ತೆ, ಪೊಸೆಷನ್‌ಗಳು (ಚೆಂಡು ಕೈಗೆ ಸಿಗುವ ಸರದಿಗಳು) ಕಡಿಮೆಯಾಗುತ್ತವೆ, ದುರ್ಬಲ ತಂಡಕ್ಕೆ ಒಂದು ಟರ್ನ್‌ಓವರ್ (ಎದುರಾಳಿ ಚೆಂಡು ಕಳೆದುಕೊಳ್ಳೋದು) ಸಾಕಾಗುತ್ತೆ. 13-10 ಬಂದದ್ದು ಹಾಗೆಯೇ. ಟೆಕ್ಸಸ್-ಟೆಕ್ಸಸ್ ಎ ಆ್ಯಂಡ್ ಎಂ ಪಂದ್ಯವನ್ನೂ ಮರೆಯಬೇಡಿ. 2011ರ ನಂತರ ನಿಂತು 2024ರಲ್ಲಿ ಮತ್ತೆ ಶುರುವಾದದ್ದು. 2025ರಲ್ಲಿ 11-0 ಇದ್ದ ಎ ಆ್ಯಂಡ್ ಎಂ ಅಲ್ಲಿ 27-17 ಸೋತು ಎಸ್‌ಇಸಿ ಫೈನಲ್ ಆಡುವ ಅವಕಾಶ ಕಳೆದುಕೊಂಡು 7ನೇ ಸೀಡ್‌ಗೆ ಇಳಿಯಿತು. ಕೊನೇ ವಾರ ವೈರಿಯ ಅಂಗಳದಲ್ಲಿ ಆಡಬೇಕಾದ ತಂಡಕ್ಕೆ ಅರ್ಧ ಸೋಲು ಮೊದಲೇ ಬರೆದಿಡಿ.

ರೇಟಿಂಗ್‌ಗಳ ವಿಷಯ: ಇಎಸ್‌ಪಿಎನ್ ವಾಹಿನಿಯ ಎಫ್‌ಪಿಐ ಅನ್ನೋ ರೇಟಿಂಗ್ ಮುಂದೆ ಯಾರು ಗೆಲ್ಲಬಹುದು ಅಂತ ಹೇಳುತ್ತೆ, ಈವರೆಗೆ ಏನು ಸಾಧಿಸಿದರು ಅಂತ ಹೇಳಲ್ಲ. ಸಮಿತಿ ಹೆಚ್ಚು ತೂಗೋದು ಎರಡನೆಯದನ್ನು. ಹಾಗಾಗಿ ಯಾರು ಒಳಬರ್ತಾರೆ ಅನ್ನೋದಕ್ಕೆ ಸ್ಟ್ರೆಂತ್ ಆಫ್ ರೆಕಾರ್ಡ್ (ಈವರೆಗಿನ ಸಾಧನೆ ಎಷ್ಟು ಕಷ್ಟದ್ದು ಅನ್ನೋ ಅಳತೆ) ನೋಡಿ, ಒಳಬಂದ ಮೇಲೆ ಯಾರು ಗೆಲ್ತಾರೆ ಅನ್ನೋದಕ್ಕೆ ಎಸ್‌ಪಿ ಪ್ಲಸ್ (ತಂಡದ ಬಲ ಅಳೆಯುವ ಇನ್ನೊಂದು ರೇಟಿಂಗ್) ನೋಡಿ. ಎರಡನ್ನೂ ಕಲಸಬೇಡಿ. ಹೈಸ್ಕೂಲ್‌ನಿಂದ ಬರುವಾಗಲೇ ಫೋರ್ ಸ್ಟಾರ್, ಫೈವ್ ಸ್ಟಾರ್ ಅನ್ನಿಸಿಕೊಂಡ ಹುಡುಗರು ಅರ್ಧಕ್ಕಿಂತ ಹೆಚ್ಚಿಲ್ಲದ ತಂಡ ಚಾಂಪಿಯನ್ ಆಗಲ್ಲ ಅನ್ನೋ ಹಳೇ ಸೂತ್ರವನ್ನು ಇಂಡಿಯಾನಾ 16-0ರಿಂದ ಒಡೆದು ಹಾಕಿದೆ. 2023ರಲ್ಲಿ 3-9 ಇದ್ದ ತಂಡ ಅದು. ಕೋಚ್ ಕರ್ಟ್ ಸಿಗ್ನೆಟ್ಟಿ ತಮ್ಮ ಹಿಂದಿನ ತಂಡ ಜೇಮ್ಸ್ ಮ್ಯಾಡಿಸನ್‌ನಿಂದ ಕರೆತಂದ ಹುಡುಗರು, ಕ್ಯಾಲಿಫೋರ್ನಿಯಾದಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ, ಎಲ್ಲ ಟ್ರಾನ್ಸ್‌ಫರ್ (ಬೇರೆ ಕಾಲೇಜಿನಿಂದ ವರ್ಗಾವಣೆ) ದಾರಿ. ನೇಮಕಾತಿ ರ‍್ಯಾಂಕಿಂಗ್ ನೋಡುವವರು ಟ್ರಾನ್ಸ್‌ಫರ್ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬ್ರಾಕೆಟ್ (ನಾಕೌಟ್ ಪಂದ್ಯಗಳ ನಕ್ಷೆ) ತುಂಬುವಾಗ ‘ಬೈ ಸಿಕ್ಕ ತಂಡ (ಮೊದಲ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್‌ಗೆ ಹೋಗೋದು) ಮುಂದಕ್ಕೆ’ ಅಂತ ಕಣ್ಣುಮುಚ್ಚಿ ಬರೆಯಬೇಡಿ. 2024, 2025 ಎರಡು ವರ್ಷ ಸೇರಿ ಬೈ ಪಡೆದ ಎಂಟು ತಂಡಗಳಲ್ಲಿ ಕ್ವಾರ್ಟರ್‌ಫೈನಲ್ ಗೆದ್ದದ್ದು ಇಂಡಿಯಾನಾ ಒಂದೇ. 2025ರಲ್ಲಿ ಓಹಾಯೋ ಸ್ಟೇಟ್ ಡಿಸೆಂಬರ್ 6ರ ನಂತರ ಆಡಿದ್ದು ಡಿಸೆಂಬರ್ 31ಕ್ಕೆ. 5ರಿಂದ 8ನೇ ಸೀಡ್‌ಗಳಿಗೆ ಮೊದಲ ಸುತ್ತು ತವರಿನಲ್ಲೇ ಇರುತ್ತೆ, ಅದರಲ್ಲೂ 5 ಮತ್ತು 6ಕ್ಕೆ ಎದುರಾಳಿ ಸುಲಭ: ಓಲೆ ಮಿಸ್ ಟುಲೇನನ್ನು 41-10, ಆರೆಗನ್ ಜೇಮ್ಸ್ ಮ್ಯಾಡಿಸನ್ನನ್ನು 51-34. ಇಬ್ಬರೂ ಸೆಮಿಫೈನಲ್ ತಲುಪಿದರು. 7 ಮತ್ತು 8ನೇ ಸೀಡ್‌ಗಳಿದ್ದ ಎ ಆ್ಯಂಡ್ ಎಂ, ಓಕ್ಲಹೋಮಾ ತವರಿನಲ್ಲೇ ಸೋತವು. ನನ್ನ ಮಟ್ಟಿಗೆ 5ನೇ ಸೀಡ್ 3, 4ಕ್ಕಿಂತ ಒಳ್ಳೇ ಜಾಗ.

ಸಣ್ಣ ಕಾನ್ಫರೆನ್ಸ್‌ನ ಆ ಒಂದು ಜಾಗಕ್ಕೆ ಸೇನಾ ಅಕಾಡೆಮಿಗಳ ತಂಡಗಳಾದ ಆರ್ಮಿ ಅಥವಾ ನೇವಿಯನ್ನು ಬರೆಯುವವರಿಗೆ ಇನ್ನೊಂದು ವಿಷಯ. ಅವರ ಪರಸ್ಪರ ಪಂದ್ಯ ನಡೆಯೋದು ಪ್ಲೇಆಫ್ ಆಯ್ಕೆ ಮುಗಿದ ಮೇಲೆ, ಅದು ಅಮೆರಿಕನ್ ಕಾನ್ಫರೆನ್ಸ್ ಟೇಬಲ್‌ಗೂ ಸೇರಲ್ಲ. 2024ರಲ್ಲಿ ಆರ್ಮಿ ಟುಲೇನನ್ನು 35-14 ಸೋಲಿಸಿ ಕಾನ್ಫರೆನ್ಸ್ ಗೆದ್ದಾಯಿತು, ಆಮೇಲೆ ನೇವಿ ಎದುರು 31-13 ಸೋತದ್ದು. ಆ ಪಂದ್ಯವನ್ನು ನಿಮ್ಮ ಲೆಕ್ಕದಿಂದ ತೆಗೆದು ಪಟ್ಟಿ ಮತ್ತೆ ಹಾಕಿ.