ದವಡೆ ಬಿಗಿದಾಗ: ಕಡ್ಡಿಯೇ ಸಾಕೇ, ಸಾಧನ ಬೇಕೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಒಳಗೆನ್ನೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಬಳಿಕ ರೇಡಿಯೇಷನ್ ಆಗಿ ಐದು ತಿಂಗಳಾಯಿತು. ಈಗ ಬಾಯಿಯೊಳಗೆ ಒಂದೂವರೆ ಬೆರಳು ಹೋಗುವುದೂ ಕಷ್ಟ. ಅನ್ನವನ್ನು ನುಣ್ಣಗೆ ಕಿವುಚಿ ಉಣ್ಣಿಸುತ್ತಿದ್ದೇವೆ. ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಇಟ್ಟು ವ್ಯಾಯಾಮ ಮಾಡಲು ಆಸ್ಪತ್ರೆಯಲ್ಲಿ ಹೇಳಿದ್ದರು. ನೋವೆಂದು ಅಪ್ಪಯ್ಯ ಅದನ್ನು ಬಿಟ್ಟುಬಿಟ್ಟರು. ಬಾಯಿ ತೆರೆಸುವ ದುಬಾರಿ ಸಾಧನ ತರಿಸಿದರೆ ಬಾಯಿ ಮೊದಲಿನಂತೆ ತೆರೆಯುವುದೇ?
— ಓದುಗರು, ಶಿರಸಿ

ಉತ್ತರ: ಸಾಧನ ಕೊಳ್ಳುವ ಮೊದಲು ಚಿಕಿತ್ಸೆ ನೀಡಿದ ವೈದ್ಯರಿಗೆ ಒಮ್ಮೆ ತೋರಿಸಿ. ಬಾಯಿ ಬಿಗಿಯುವುದಕ್ಕೆ ರೇಡಿಯೇಷನ್ ಒಂದೇ ಕಾರಣವಲ್ಲ. ಸೋಂಕು, ದವಡೆಯ ಮೂಳೆಗೆ ಆದ ಹಾನಿ ಅಥವಾ ಗಡ್ಡೆ ಮರುಕಳಿಸಿರುವುದು ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು. ಅಂಥದ್ದೇನೂ ಇಲ್ಲವೆಂದು ಖಚಿತವಾಗುವವರೆಗೆ ದವಡೆಯನ್ನು ಎಳೆಯಬಾರದು.

ರೇಡಿಯೇಷನ್ ತಗುಲಿದ ಅಗಿಯುವ ಸ್ನಾಯುಗಳು ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ನಾರುಗಟ್ಟುತ್ತಲೇ ಇರುತ್ತವೆ. ಆದ್ದರಿಂದ ವ್ಯಾಯಾಮ ನಿಲ್ಲಿಸಿದ ಪ್ರತಿ ವಾರವೂ ನಷ್ಟವೇ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ಅಂಚಿನ ನಡುವಿನ ಅಂತರ 35 ಮಿ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಸಾಮಾನ್ಯವಾಗಿ ಟ್ರಿಸ್ಮಸ್, ಅಂದರೆ ದವಡೆ ಬಿಗಿತ, ಎಂದು ಪರಿಗಣಿಸುತ್ತಾರೆ. ವಾರಕ್ಕೊಮ್ಮೆ ಸ್ಕೇಲಿನಲ್ಲಿ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ನಿಧಾನವಾಗಿ ಏರುವ ಆ ಅಂಕಿಗಳೇ ನಿಮ್ಮ ತಂದೆಯವರಿಗೆ ಧೈರ್ಯ ಕೊಡುತ್ತವೆ.

ಬಾಯಿ ತೆರೆಯುವಾಗ ದವಡೆಯ ಕೀಲು ಮೊದಲು ಇದ್ದಲ್ಲೇ ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ಥೆರಾಬೈಟ್‌ನಂಥ ಕೈಹಿಡಿಯ ಸಾಧನಗಳು ಈ ಬಾಗಿದ ದಾರಿಯನ್ನೇ ಅನುಸರಿಸುವಂತೆ ರೂಪುಗೊಂಡಿವೆ. ಅವುಗಳ ಮೆತ್ತನೆಯ ಪಟ್ಟಿಗಳು ಒತ್ತಡವನ್ನು ಹಲವು ಹಲ್ಲುಗಳಿಗೆ ಹಂಚುತ್ತವೆ. ಹಿಡಿಯನ್ನು ರೋಗಿಯೇ ಒತ್ತುವುದರಿಂದ ಎಷ್ಟು ತೆರೆಯಬೇಕೆಂಬುದೂ ಅವರ ಕೈಯಲ್ಲೇ ಇರುತ್ತದೆ. ಏಳು ಸೆಕೆಂಡ್ ಹಿಡಿದು ಬಿಡುವುದು, ಹೀಗೆ ಏಳು ಸಲ, ದಿನಕ್ಕೆ ಏಳು ಬಾರಿ ಎಂಬುದು ಬಳಕೆಯಲ್ಲಿರುವ ಒಂದು ಕ್ರಮ. ಕಡ್ಡಿಗಳ ಕಟ್ಟಾದರೋ ಕೆಲವೇ ಹಲ್ಲುಗಳ ಮೇಲೆ ಭಾರ ಹಾಕುತ್ತದೆ. ಹಲ್ಲು ಅಲುಗಾಡುತ್ತಿದ್ದರೆ ಅದು ಸಲ್ಲದು.

ಹಾಗೆಂದು ಸಾಲ ಮಾಡಿ ಸಾಧನ ತರಿಸಿ ಎಂದು ನಾನು ಹೇಳಲಾರೆ. ನಿಮ್ಮ ತಂದೆಯವರು ಕಡ್ಡಿಯನ್ನು ಬಿಟ್ಟದ್ದು ನೋವಿನಿಂದ. ಆ ನೋವಿಗೆ ದಾರಿ ಕಾಣದಿದ್ದರೆ ಸಾಧನವೂ ಕಪಾಟು ಸೇರುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡುವುದಾದರೆ ಅದನ್ನು ಮೊದಲು ನಿಮ್ಮ ಕೈಗೆ ಮುಟ್ಟಿಸಿ ನೋಡಿ. ರೇಡಿಯೇಷನ್ ಆದ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದಿರಬಹುದು. ಸಲೀಸಾಗಿ ಹಿಡಿಸುವಷ್ಟು ಕಡ್ಡಿಗಳನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ ಹಲ್ಲುಗಳ ನಡುವೆ ಇಡಿ. ಆಮೇಲೆ ನಡುವಿಗೆ ಇನ್ನೊಂದೇ ಕಡ್ಡಿಯನ್ನು ಮೆಲ್ಲಗೆ ತೂರಿಸಿ, ಮೂವತ್ತು ಎಣಿಸಿ ತೆಗೆಯಿರಿ. ಬಿಗಿತವೆನಿಸಬೇಕು, ಕಣ್ಣಲ್ಲಿ ನೀರು ಬರಬಾರದು. ಒಂದೇ ಸಲ ಜೋರಾಗಿ ಎಳೆದರೆ ಸ್ನಾಯು ಮತ್ತಷ್ಟು ಬಿಗಿದುಕೊಳ್ಳುತ್ತದೆ. ಆರೆಂಟು ವಾರ ತಪ್ಪದೆ ಮಾಡಿದರೂ ಅಳತೆ ಮೇಲೇರದಿದ್ದರೆ, ಆಗ ಫಿಸಿಯೋಥೆರಪಿಸ್ಟರೊಡನೆ ಸಾಧನದ ಮಾತೆತ್ತಿ. ಬಾಯಿ ಮೊದಲಿನಷ್ಟೇ ತೆರೆದೀತೆಂದು ಭರವಸೆ ಕೊಡಲಾಗದು. ಆದರೆ ಐದಾರು ಮಿ.ಮೀ. ಹೆಚ್ಚಾದರೂ ಚಮಚ ಒಳಹೋಗುತ್ತದೆ, ಹಲ್ಲುಜ್ಜಲು ಬರುತ್ತದೆ.

ನಿಮ್ಮ ಊರನ್ನು ನೋಡಿ ಇನ್ನೊಂದು ಮಾತು. ತಂದೆಯವರು ಕವಳ (ಎಲೆಯಡಿಕೆ) ಹಾಕುತ್ತಿದ್ದರೆ ಇಂದೇ ನಿಲ್ಲಿಸಲಿ. ತಂಬಾಕು ಸೇರಿಸದಿದ್ದರೂ ಅಡಿಕೆಯೇ ಒಳಗೆನ್ನೆಯನ್ನು ನಾರುಗಟ್ಟಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ.