ಯುದ್ಧ ಬಂದರೆ ರಾಜ್ಯಸಭೆಯ ಸೀಟು ಉಳಿದುಬಿಡುತ್ತಾ?

ಪ್ರಶ್ನೆ: ಸರ್, ನಮ್ಮ ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾವು ಏರಿದಾಗ ಟೀ ಅಂಗಡಿಯಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ಯುದ್ಧದ ಹೊತ್ತಲ್ಲಿ ರಾಜ್ಯಸಭಾ ಸದಸ್ಯರ ಅವಧಿ ಮುಗಿದರೂ ಅವರೇ ಮುಂದುವರಿಯುತ್ತಾರೆ ಅಂತ ನಮ್ಮ ಭಾವನ ವಾದ. 'ಎಪ್ಪತ್ತಾರರಲ್ಲಿ ಹಾಗೇ ಮಾಡಿದ್ರು' ಅಂತಾರೆ. ನಿಜವಾ?

ಉತ್ತರ: ನಿಮ್ಮ ಭಾವ ಹೇಳಿದ ವರ್ಷ ಸರಿ, ಮನೆ ತಪ್ಪು. 1976ರಲ್ಲಿ ಅವಧಿ ಎಳೆದದ್ದು ಲೋಕಸಭೆಗೆ. 1971ರ ಮಾರ್ಚ್‌ನಲ್ಲಿ ಆರಿಸಿಬಂದ ಸಭೆ ಐದು ವರ್ಷಕ್ಕೆ ಮುಗಿಯಬೇಕಿತ್ತು. ಕಾಯ್ದೆ ಮಾಡಿ ಎರಡು ಸಲ ಒಂದೊಂದು ವರ್ಷ ಮುಂದಕ್ಕೆ ಹಾಕಿದರು. ಸಂವಿಧಾನದ 83ನೇ ವಿಧಿ ತುರ್ತು ಪರಿಸ್ಥಿತಿಯಲ್ಲಿ ಇದಕ್ಕೆ ಅವಕಾಶ ಕೊಡುತ್ತದೆ, ಆದರೆ ಲೋಕಸಭೆಗೆ ಮಾತ್ರ.

ರಾಜ್ಯಸಭೆಗೆ ಅದು ಬೇಕೂ ಇಲ್ಲ. ಆ ಸದನ ವಿಸರ್ಜನೆ ಆಗುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೇ ಹೊಸಬರು ಬರುತ್ತಾರೆ. ಸದನ ಶಾಶ್ವತ, ಸದಸ್ಯ ಅಲ್ಲ. ಗುಂಡು ಹಾರುತ್ತಿದ್ದರೂ ಆರು ವರ್ಷ ತುಂಬಿದ ದಿನ ಮನೆಗೆ ಹೋಗಬೇಕು. ನಮ್ಮವರೇ ಆದ ಮಾರ್ಗರೆಟ್ ಆಳ್ವ ಅವರನ್ನು ನೋಡಿ. 1974ರ ಏಪ್ರಿಲ್‌ನಲ್ಲಿ ಮೊದಲ ಸಲ ರಾಜ್ಯಸಭೆಗೆ ಹೋದರು. ಆಗ 1971ರ ಯುದ್ಧಕ್ಕೆಂದು ಘೋಷಿಸಿದ್ದ ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಅದು ಚುನಾವಣೆಯನ್ನೂ ತಡೆಯಲಿಲ್ಲ, ಅವರ ಅವಧಿಗೆ ಒಂದು ದಿನವನ್ನೂ ಸೇರಿಸಲಿಲ್ಲ. 1980ರಲ್ಲಿ ಮತ್ತೆ ಆರಿಸಿಬಂದೇ ಮುಂದುವರಿದರು.

ಚುನಾವಣೆಯೇ ಮುಂದೆ ಹೋದರೆ? ಕೊರೊನಾದಿಂದ 2020ರ ಮಾರ್ಚ್ 26ರ ಮತದಾನ ಜೂನ್ 19ಕ್ಕೆ ಹೋಯಿತು. 18 ಸೀಟಿನ ಪ್ರಶ್ನೆ. ಅವಧಿ ಮುಗಿದವರು ಎದ್ದು ಹೋದರು, ಕುರ್ಚಿಗಳು ಸುಮ್ನೆ ಖಾಲಿ ಇದ್ದವು. ಇದಕ್ಕಿಂತ ದೊಡ್ಡ ತೊಡಕೂ ಒಂದಿದೆ. ರಾಜ್ಯಸಭೆಗೆ ವೋಟು ಹಾಕುವವರು ನಾವಲ್ಲ, ಎಂಎಲ್‌ಎಗಳು. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ದೇವೇಗೌಡರು ಇಲ್ಲಿ ಲೋಕಸಭೆಗೆ ನಿಂತು ಸೋತರು, ಮರುವರ್ಷ ಅವಿರೋಧವಾಗಿ ರಾಜ್ಯಸಭೆಗೆ ಹೋದರು. ಎಂಎಲ್‌ಎಗಳೇ ಇಲ್ಲದ ಕಡೆ ಚುನಾವಣೆಯೂ ಇಲ್ಲ. ಜಮ್ಮು ಕಾಶ್ಮೀರದಲ್ಲಿ 2024ರ ಅಕ್ಟೋಬರ್‌ವರೆಗೆ ವಿಧಾನಸಭೆಯೇ ಇರಲಿಲ್ಲ, ರಾಜ್ಯಸಭಾ ಚುನಾವಣೆ ನಡೆದದ್ದು ಅದರ ಮರುವರ್ಷ. ಹಾಗಾಗಿ 2021ರ ಫೆಬ್ರವರಿಯಿಂದ 2025ರ ಅಕ್ಟೋಬರ್‌ವರೆಗೆ ನಾಲ್ಕಕ್ಕೆ ನಾಲ್ಕೂ ಸೀಟು ಖಾಲಿ ಇದ್ದವು. ಗಡಿ ಪ್ರದೇಶದಿಂದ ಆರಿಸಿಬಂದ ಬಾಯಿಯೇ ಮೇಲ್ಮನೆಯಲ್ಲಿ ಇರಲಿಲ್ಲ!

ಇನ್ನೊಂದು ಮಾತು. ಯುದ್ಧ ಅಂದರೆ ತುರ್ತು ಪರಿಸ್ಥಿತಿ ಅಂತಲೂ ಅಲ್ಲ. ಕಾರ್ಗಿಲ್‌ನಲ್ಲಿ ಅದನ್ನು ಘೋಷಿಸಲೇ ಇಲ್ಲ.

ಟೀ ಅಂಗಡಿಯಲ್ಲಿ ವಾದ ಮಾಡಲೇಬೇಕು ಅಂದರೆ ಕಾರ್ಗಿಲ್ ಬಗ್ಗೆ ಮಾಡಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಒಂದು ವೋಟಿನಿಂದ ಬಿತ್ತು. ಅದೇ ತಿಂಗಳು ಲೋಕಸಭೆ ವಿಸರ್ಜನೆ ಆಯಿತು. ಮೇನಲ್ಲಿ ಕಾರ್ಗಿಲ್ ಕದನ ಶುರು. ಹಂಗಾಮಿ ಸರ್ಕಾರ ಯುದ್ಧ ನಡೆಸುತ್ತಿತ್ತು, ಪ್ರಶ್ನೆ ಕೇಳಲು ಉಳಿದಿದ್ದದ್ದು ರಾಜ್ಯಸಭೆ ಒಂದೇ. ವಿಶೇಷ ಅಧಿವೇಶನ ಕರೆಯಿರಿ ಎಂದು ವಿರೋಧ ಪಕ್ಷಗಳು ಕೇಳಿದವು. ಸರ್ಕಾರ ಕರೆಯಲಿಲ್ಲ. ಲೋಕಸಭೆ ಇಲ್ಲದಾಗ ರಾಜ್ಯಸಭೆ ಒಂದೇ ಕೂರಬಾರದು ಅಂತೇನೂ ಇಲ್ಲ. 1977ರಲ್ಲೂ 1991ರಲ್ಲೂ ರಾಷ್ಟ್ರಪತಿ ಆಳ್ವಿಕೆಯ ವಿಷಯಕ್ಕೆ ಹಾಗೇ ಕೂತಿತ್ತು.

ಇದರಲ್ಲಿ ಒಂದು ತಮಾಷೆ ಇದೆ. 1962ರ ಅಕ್ಟೋಬರ್‌ನಲ್ಲಿ ಚೀನಾ ನುಗ್ಗಿದಾಗ ಸಂಸತ್ತನ್ನು ಬೇಗ ಕರೆಯಿರಿ ಎಂದು ನೆಹರು ಅವರನ್ನು ಒತ್ತಾಯಿಸಿದವರು ರಾಜ್ಯಸಭೆಯ ಒಬ್ಬ ಯುವ ಸದಸ್ಯ. ನೆಹರು ಒಪ್ಪಿದರು, ಕದನ ನಡೆಯುತ್ತಿರುವಾಗಲೇ ನವೆಂಬರ್ 8ಕ್ಕೆ ಅಧಿವೇಶನ ಶುರುವಾಯಿತು. ಆ ಸದಸ್ಯರ ಹೆಸರು ಅಟಲ್ ಬಿಹಾರಿ ವಾಜಪೇಯಿ. ಕುರ್ಚಿ ಬದಲಾದರೆ ನೋಟವೂ ಬದಲಾಗುತ್ತೆ, ಅಲ್ವಾ? ನನ್ನನ್ನು ಕೇಳಿದರೆ 1999ರಲ್ಲಿ ರಾಜ್ಯಸಭೆಯನ್ನು ಕರೆಯಬೇಕಿತ್ತು. ಆಗ ತುರ್ತು ಪರಿಸ್ಥಿತಿ ಘೋಷಿಸಿದ್ದರೆ, ಒಂದು ತಿಂಗಳ ಆಚೆಗೂ ಅದು ಉಳಿಯಲು ರಾಜ್ಯಸಭೆಯ ಒಪ್ಪಿಗೆ ಬೇಕೇ ಬೇಕಿತ್ತು. ಘೋಷಿಸಲಿಲ್ಲ, ಹಾಗಾಗಿ ಸದನದ ಬಾಗಿಲು ತೆರೆಯುವ ಅಗತ್ಯವೂ ಬೀಳಲಿಲ್ಲ.

2025ರಲ್ಲೂ ಇದೇ ಕತೆ. ಮೇನಲ್ಲಿ ಆಪರೇಷನ್ ಸಿಂಧೂರ ನಡೆಯಿತು, ವಿಶೇಷ ಅಧಿವೇಶನದ ಬೇಡಿಕೆ ಬಂತು. ರಾಜ್ಯಸಭೆಯಲ್ಲಿ ಚರ್ಚೆ ಆದದ್ದು ಜುಲೈ 29 ಮತ್ತು 30ರಂದು.

ಪ್ರಶ್ನೆ: ನನ್ನ ತಮ್ಮ ಸೈನ್ಯದಲ್ಲಿದ್ದಾನೆ. ಕೆಲಸದಲ್ಲಿ ಇದ್ದುಕೊಂಡೇ ರಾಜ್ಯಸಭಾ ಸದಸ್ಯ ಆಗಬಹುದಾ? ಸದಸ್ಯರೊಬ್ಬರನ್ನು ಯುದ್ಧಕ್ಕೆ ಕರೆದರೆ ಸೀಟು ಹೋಗುತ್ತಾ? (ಚಿಂತಾಮಣಿಯ ಓದುಗರು)

ಉತ್ತರ: ಕಾಯಂ ಸೈನ್ಯದಲ್ಲಿ ಇದ್ದುಕೊಂಡು ಆಗುವುದಿಲ್ಲ. ಅದು ಸರ್ಕಾರದ ಲಾಭದಾಯಕ ಹುದ್ದೆ, 102ನೇ ವಿಧಿ ಅಡ್ಡ ಬರುತ್ತದೆ. ನಿವೃತ್ತಿಯಾದ ಮೇಲೆ, 30 ವರ್ಷ ತುಂಬಿದ್ದರೆ, ಧಾರಾಳವಾಗಿ ನಿಲ್ಲಬಹುದು. ಪ್ರಾದೇಶಿಕ ಸೇನೆಯ ಲೆಕ್ಕ ಬೇರೆ. ಟೆರಿಟೋರಿಯಲ್ ಆರ್ಮಿ ಅಂತಾರಲ್ಲ, ಅದು. 1959ರ ಕಾಯ್ದೆ ಅದಕ್ಕೂ ಹೋಂ ಗಾರ್ಡ್‌ಗೂ ವಿನಾಯಿತಿ ಕೊಟ್ಟಿದೆ. ಹಾಗಾಗಿ ಸಂಸದರೂ ಅದರ ಸಮವಸ್ತ್ರ ಹಾಕಬಹುದು.

ಅಂಥವರನ್ನು ಗಡಿಗೆ ಕರೆದರೂ ಸೀಟು ತಾನಾಗಿ ಹೋಗುವುದಿಲ್ಲ. ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಮಾತ್ರ ಸದನ ಆ ಸ್ಥಾನ ಖಾಲಿ ಎನ್ನಬಹುದು. ಅಧಿವೇಶನ ಮುಗಿದಿರುವ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲೇ ರಜೆ ಅರ್ಜಿ ಕಳಿಸಿ ಸದನದ ಒಪ್ಪಿಗೆ ಪಡೆದಿದ್ದರೆ ಈ ಲೆಕ್ಕವೇ ಶುರುವಾಗುವುದಿಲ್ಲ.